ಹೆಲ್ಮೆಟ್ ಕೊಟ್ಟಿದ್ದೇನೆ, ಸಹಿ ತಗೊಂಡಿದ್ದೇನೆ: ಇಷ್ಟು ಸಾಕಾ?

ಪ್ರಶ್ನೆ: ನಾನು ಹುಬ್ಬಳ್ಳಿಯ ಸಣ್ಣ ಗುತ್ತಿಗೆದಾರ. ಗೋಕುಲ ರಸ್ತೆ ಕಡೆ ನೆಲಮಹಡಿ ಮತ್ತು ಮೂರು ಅಂತಸ್ತಿನ ಅಪಾರ್ಟ್‌ಮೆಂಟ್ ಕೆಲಸ ನಡೆದಿದೆ. ದಿನಾ 22 ಜನ ಇರುತ್ತಾರೆ. ನಾಲ್ವರು ಬಿಟ್ಟರೆ ಎಲ್ಲರೂ ಮೇಸ್ತ್ರಿ ಕಡೆಯವರು. ಎಲ್ಲರಿಗೂ ಹೆಲ್ಮೆಟ್, ನಾಲ್ಕು ಸೇಫ್ಟಿ ಬೆಲ್ಟ್ ತಂದುಕೊಟ್ಟು ಸಹಿ ಮಾಡಿಸಿಕೊಂಡಿದ್ದೇನೆ. ಹತ್ತು ಗಂಟೆ ಆಗುವಷ್ಟರಲ್ಲಿ ಅರ್ಧ ಹೆಲ್ಮೆಟ್ ಉಸುಕಿನ ಗುಡ್ಡೆ ಮೇಲೆ ಇರುತ್ತವೆ. ಈಗ ಇಲಾಖೆಯಿಂದ ನೋಟಿಸ್ ಬಂದಿದೆ. ಕೊಟ್ಟ ಮೇಲೂ ಹಾಕದಿದ್ದರೆ ಅದು ನನ್ನ ತಪ್ಪಾ? ಹಾಕದವರ ಪಗಾರದಲ್ಲಿ ಹಿಡಿಯಬಹುದಾ? ನಿಜವಾಗಿ ಏನೇನು ಕೊಡಬೇಕು?

ಉತ್ತರ: ಸಹಿ ಒಂದೇ ಸಾಲದು. ಆ ಕಾಗದ ನೀವು ಸಾಮಾನು ಕೊಟ್ಟಿದ್ದಕ್ಕೆ ಸಾಕ್ಷಿ, ಅಷ್ಟೇ. ಅದು ಆ ಕೆಲಸಕ್ಕೆ ತಕ್ಕ ಸಾಮಾನಾ, ತಲೆಗೆ ಸರಿಯಾಗಿ ಕೂರುತ್ತದಾ, ಹಾಕುವುದನ್ನು ಹೇಳಿಕೊಟ್ಟಿದ್ದೀರಾ, ಹಾಕಿದ್ದಾರೋ ಇಲ್ಲವೋ ನೋಡುವವರು ಯಾರು? ಪರಿಶೀಲನೆಗೆ ಬಂದವರು ಕೇಳುವುದು ಇದನ್ನೆಲ್ಲ. ಏನಾದರೂ ಆದರೆ ಕೋರ್ಟಿನಲ್ಲೂ ಇದನ್ನೇ ಕೇಳುತ್ತಾರೆ.

ಕಾನೂನಿನ ಮಾತು ಮೊದಲು ಮುಗಿಸೋಣ. ಇಷ್ಟು ವರ್ಷ ನಮ್ಮ ಸೈಟ್‌ಗಳಿಗೆ ಅನ್ವಯವಾಗುತ್ತಿದ್ದದ್ದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಅದರ ಕೆಳಗೆ 2006ರ ಕರ್ನಾಟಕ ನಿಯಮಗಳು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ಹೊಸ ನಿಯಮ ಬರುವ ತನಕ, ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳು ಮುಂದುವರಿಯುತ್ತವೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಟ್ಟಡ ಕೆಲಸ ಇದರೊಳಗೆ ಬರುತ್ತದೆ. ನಿಮ್ಮಲ್ಲಿ 22 ಜನ ಇದ್ದಾರೆ, ಹಾಗಾಗಿ ಈ ವಿಷಯದಲ್ಲಿ ವಾದವೇ ಇಲ್ಲ. "ಅವರು ಮೇಸ್ತ್ರಿ ಕಡೆಯವರು, ನನ್ನವರು ನಾಲ್ಕೇ ಜನ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪರಿಹಾರದ ವಿಷಯದಲ್ಲೂ ಅಷ್ಟೇ. ನಿಮ್ಮ ಕೆಲಸವನ್ನು ಮೇಸ್ತ್ರಿಗೆ ಒಪ್ಪಿಸಿದ್ದರೂ, ಅವನ ಆಳಿಗೆ ಪೆಟ್ಟಾದರೆ ಪರಿಹಾರವನ್ನು ನಿಮ್ಮಿಂದಲೇ ಕೇಳಬಹುದು. ಆಮೇಲೆ ಅದನ್ನು ಮೇಸ್ತ್ರಿಯಿಂದ ವಸೂಲಿ ಮಾಡುವುದು ನಿಮ್ಮ ಪಾಡು. "ಅವನೇ ಹೆಲ್ಮೆಟ್ ಬಿಚ್ಚಿಟ್ಟಿದ್ದ" ಅನ್ನುವ ವಾದಕ್ಕೂ ಒಂದು ಮಿತಿ ಇದೆ. ಬೇಕಂತಲೇ ಸುರಕ್ಷತಾ ಸಾಧನ ತೆಗೆದಿಟ್ಟ ಕಾರ್ಮಿಕನಿಗೆ ಸಣ್ಣ ಗಾಯವಾದರೆ ಆ ವಾದಕ್ಕೆ ಜಾಗ ಇದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ ಇಲ್ಲ. 1923ರ ಪರಿಹಾರ ಕಾಯ್ದೆಯಲ್ಲಿ ಇದ್ದ ಮಾತಿದು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಅಂದರೆ ನಿಮಗೆ ಆ ಸಹಿ ತೀರಾ ಬೇಕಾಗುವ ಹೊತ್ತಿನಲ್ಲೇ ಅದು ಕೈಕೊಡುತ್ತದೆ.

ಪಗಾರದಲ್ಲಿ ಹಿಡಿಯುವ ಮಾತು ಬಿಟ್ಟುಬಿಡಿ. ಸುರಕ್ಷತೆಗಾಗಿ ಕೊಟ್ಟ ಯಾವುದಕ್ಕೂ ಕಾರ್ಮಿಕರಿಂದ ದುಡ್ಡು ತಗೊಳ್ಳುವಂತಿಲ್ಲ ಎಂದು ಸುರಕ್ಷತೆಯ ಸಂಹಿತೆ ನೇರವಾಗಿ ಹೇಳುತ್ತದೆ. ದಂಡ ಹಾಕುವುದಕ್ಕೂ ಬೇರೆ ಕಟ್ಟುಪಾಡು ಇವೆ: ಯಾವ ತಪ್ಪಿಗೆ ದಂಡ ಅನ್ನುವುದಕ್ಕೆ ಮುಂಚೆಯೇ ಒಪ್ಪಿಗೆ ಪಡೆದು ನೋಟಿಸ್ ಹಚ್ಚಿರಬೇಕು, ಆಳಿನ ಮಾತು ಕೇಳಬೇಕು, ಪಗಾರದ ಶೇಕಡಾ 3 ಮೀರಬಾರದು. ಶನಿವಾರದ ಬಟವಾಡೆಯಲ್ಲಿ ಸುಮ್ನೆ ನೂರು ರೂಪಾಯಿ ಕಡಿಮೆ ಕೊಟ್ಟು ಕಳಿಸಿದರೆ ನಿಮ್ಮ ಮೇಲೆ ಇನ್ನೊಂದು ದೂರು ಬರುತ್ತದೆ. ಸೋಮವಾರ ನಾಲ್ಕು ಜನ ಬೇರೆ ಸೈಟ್‌ಗೆ ಹೋಗಿರುತ್ತಾರೆ. ಈಗಿನ ಆಳಿನ ಬರದಲ್ಲಿ ಅದೂ ಸಣ್ಣ ಮಾತಲ್ಲ.

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಹತ್ತು ಗಂಟೆಗೆ ಹೆಲ್ಮೆಟ್ ಯಾಕೆ ಉಸುಕಿನ ಮೇಲೆ ಹೋಗುತ್ತದೆ? "ನಮ್ಮ ಮಂದಿಗೆ ಶಿಸ್ತಿಲ್ಲ" ಅನ್ನುವುದು ಸುಲಭ. ಸೈಟ್‌ನಲ್ಲಿ ಅರ್ಧ ತಾಸು ನಿಂತು ನೋಡಿ. ಒಬ್ಬೊಬ್ಬರದು ಒಂದೊಂದು ಕಾರಣ.

ಬುಟ್ಟಿ ಹೊರುವ ಹೆಣ್ಣುಮಕ್ಕಳನ್ನು ನೋಡಿ. ತಲೆ ಮೇಲೆ ಸಿಂಬಿ, ಅದರ ಮೇಲೆ ಕಾಂಕ್ರೀಟ್ ಬುಟ್ಟಿ. ಅಲ್ಲಿ ಹೆಲ್ಮೆಟ್ ಎಲ್ಲಿ ಕೂರಬೇಕು? ಹೆಲ್ಮೆಟ್ ಮೇಲೆ ಬುಟ್ಟಿ ಇಟ್ಟರೆ ಜಾರುತ್ತದೆ, ಭಾರ ಒಂದೇ ಕಡೆ ಬಿದ್ದು ಕುತ್ತಿಗೆಗೆ ಪೆಟ್ಟು. ಅವರಿಗೆ ಬೈದು ಪ್ರಯೋಜನ ಇಲ್ಲ, ಕೆಲಸದ ರೀತಿ ಬದಲಾಗಬೇಕು. ಸಾಮಾನು ಮೇಲೆತ್ತಲು ಸಣ್ಣ ಲಿಫ್ಟ್ ಬಾಡಿಗೆಗೆ ತನ್ನಿ, ಸಮತಟ್ಟಾದ ಕಡೆ ಕೈಗಾಡಿ ಕೊಡಿ. ತಲೆ ಹೊರೆ ತಪ್ಪಿಸಲು ಆಗದ ಕಡೆ, ಅವರು ಓಡಾಡುವ ದಾರಿಯ ಮೇಲೆ ಆ ಹೊತ್ತಿನಲ್ಲಿ ಯಾವ ಕೆಲಸವೂ ನಡೆಯಬಾರದು. ಕಟ್ಟಡಕ್ಕೆ ಅಂಟಿಕೊಂಡ ದಾರಿಯಾದರೆ ಮೇಲೆ ಹಲಗೆಯ ಮರೆ ಕಟ್ಟಿಸಿ. ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುವ ರೂಢಿ ಹೇಗೂ ಇದೆ. ಒಳ್ಳೆಯದೇ, ಸೆರಗು ಮಿಕ್ಸರ್‌ಗೆ ಸಿಗುವುದಿಲ್ಲ. ಅಂಗಿ ಗುಂಡಿ ಹಾಕಿರಬೇಕು ಅಷ್ಟೇ.

ಸೆಂಟ್ರಿಂಗ್‌ನವರು, ಅಂದರೆ ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವವರು, ಬಗ್ಗಿ ಏಳುವ ಕೆಲಸದವರು. ಗದ್ದದ ಪಟ್ಟಿ ಇಲ್ಲದ ಹೆಲ್ಮೆಟ್ ಬಗ್ಗಿದ ಕೂಡಲೇ ಮುಂದೆ ಬೀಳುತ್ತದೆ. ಎರಡು ಸಲ ಬಿದ್ದರೆ ಮೂರನೇ ಸಲ ಅವರೇ ತೆಗೆದಿಡುತ್ತಾರೆ. ನಾನಾದರೂ ತೆಗೆದಿಡುತ್ತಿದ್ದೆ. ಹಿಂದೆ ತಿರುಗಿಸಿ ಬಿಗಿ ಮಾಡುವ ಗುಂಡಿ ಇರುವ ಹೆಲ್ಮೆಟ್ ಬೇಕು, ಗದ್ದದ ಪಟ್ಟಿ ಬೇಕು. ಎತ್ತರದಿಂದ ಬಿದ್ದಾಗ ಪಟ್ಟಿ ಇಲ್ಲದ ಹೆಲ್ಮೆಟ್ ತಲೆಗಿಂತ ಮೊದಲು ನೆಲಕ್ಕೆ ಹೋಗಿರುತ್ತದೆ.

ಬಿಸಿಲು ಇನ್ನೊಂದು ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸ್ಲ್ಯಾಬ್ ಮೇಲೆ ನಿಂತವರಿಗೆ ಗೊತ್ತು. ಆಗ ಟವಲ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಇಡುತ್ತಾರೆ. ದಪ್ಪ ಟವಲ್ ಬೇಡ. ಹೆಲ್ಮೆಟ್ ಚಿಪ್ಪಿಗೂ ಒಳಗಿನ ಪಟ್ಟಿಗಳಿಗೂ ನಡುವೆ ಒಂದು ಖಾಲಿ ಜಾಗ ಇರುತ್ತದೆ. ಮೇಲಿಂದ ಇಟ್ಟಿಗೆ ಬಿದ್ದಾಗ ಪಟ್ಟಿಗಳು ಹಿಗ್ಗಿ ಪೆಟ್ಟನ್ನು ತಡೆಯುವುದು ಆ ಜಾಗದಲ್ಲಿ. ಅದನ್ನು ತುಂಬಿದರೆ ಪೆಟ್ಟು ನೇರ ತಲೆಗೆ. ಎಲೆ-ಅಡಿಕೆ ಚಂಚಿ, ಬೀಡಿ ಕಟ್ಟು, ಗುಟ್ಕಾ ಚೀಟಿ ಇಡುವ ಜಾಗವೂ ಅದೇ ಆಗಿಬಿಟ್ಟಿದೆ, ನೋಡಿರುತ್ತೀರಿ. ತಲೆಗೆ ತೆಳುವಾದ ಹತ್ತಿ ಬಟ್ಟೆ ಸಾಕು, ಬೆವರು ಹೀರುವ ಪಟ್ಟಿಯನ್ನು ಆಗಾಗ ಬದಲಿಸಿ, ಗಾಳಿ ಕಿಂಡಿ ಇರುವ ಹೆಲ್ಮೆಟ್ ಆರಿಸಿ. ಆದರೆ ಕರೆಂಟಿನ ಕೆಲಸ ಮಾಡುವವರಿಗೆ ಕಿಂಡಿ ಇರುವುದು ಬೇಡ. ನೆರಳು, ಕುಡಿಯುವ ನೀರು, ಮಧ್ಯಾಹ್ನ ಸ್ವಲ್ಪ ಜಾಸ್ತಿ ಬಿಡುವು, ಇವಿಲ್ಲದೆ ಯಾವ ಹೆಲ್ಮೆಟ್ಟೂ ಬೇಸಿಗೆಯಲ್ಲಿ ತಲೆ ಮೇಲೆ ನಿಲ್ಲುವುದಿಲ್ಲ.

ಕೊಳ್ಳುವಾಗ ಐಎಸ್ 2925 ಎಂಬ ಸಂಖ್ಯೆ, ಐಎಸ್‌ಐ ಗುರುತು ನೋಡಿ. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು, ಚಾಲ್ತಿಯಲ್ಲಿದೆಯಾ ಎಂದು ಅಲ್ಲೇ ತಿಳಿಯುತ್ತದೆ. ಚಿಪ್ಪಿನ ಒಳಗೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಕೆಡುತ್ತದೆ, ಹಾಗಾಗಿ ಕಂಪನಿ ಹೇಳಿದ ಅವಧಿ ಮುಗಿದರೆ ಬದಲಿಸಿ. ದೊಡ್ಡ ಪೆಟ್ಟು ಬಿದ್ದದ್ದು ಹೊರಗೆ ಬಿರುಕು ಕಾಣದಿದ್ದರೂ ಬದಲಿಸಿ. ಬಣ್ಣ ಬಳಿಯುವುದು, ಗಾಳಿಗೆಂದು ತೂತು ಕೊರೆಯುವುದು ಬೇಡ. ಬೈಕ್ ಹೆಲ್ಮೆಟ್‌ನ ಮಾನದಂಡವೇ ಬೇರೆ, ಅದು ಇಲ್ಲಿ ನಡೆಯುವುದಿಲ್ಲ. ಎಂಜಿನಿಯರಿಗೆ ಬಿಳಿ, ಕಾರ್ಮಿಕರಿಗೆ ಹಳದಿ ಅನ್ನುವುದು ರೂಢಿ. ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಈಗ ನಿಮ್ಮ ನಾಲ್ಕು ಬೆಲ್ಟ್. ನನಗೆ ಹೆಲ್ಮೆಟ್‌ಗಿಂತ ಜಾಸ್ತಿ ಚಿಂತೆ ಇದರ ಬಗ್ಗೆ.

ಅವು ಸೊಂಟಕ್ಕೆ ಕಟ್ಟುವ ಬೆಲ್ಟ್ ಆಗಿದ್ದರೆ ಇವತ್ತೇ ತೆಗೆದಿಡಿ. ಬಿದ್ದಾಗ ಇಡೀ ಜಗ್ಗು ಸೊಂಟದ ಮೇಲೆ ಬರುತ್ತದೆ, ಬೆನ್ನುಮೂಳೆ ಮತ್ತು ಹೊಟ್ಟೆಯೊಳಗಿನ ಅಂಗಗಳು ಅದನ್ನು ತಾಳುವುದಿಲ್ಲ. ಬೇಕಾದದ್ದು ಹೆಗಲು, ಎದೆ, ತೊಡೆ ಎಲ್ಲಕ್ಕೂ ಪಟ್ಟಿ ಇರುವ ಪೂರ್ತಿ ಮೈಯ ಹಾರ್ನೆಸ್, ಐಎಸ್ 3521 ಮಾನದಂಡದ್ದು. ಹಗ್ಗದಲ್ಲಿ ಜಗ್ಗು ತಡೆಯುವ ಶಾಕ್ ಅಬ್ಸಾರ್ಬರ್ ಇರಬೇಕು. ಕೊಕ್ಕೆ ಎರಡು ಇರಬೇಕು. ಒಂದು ಬಿಚ್ಚಿ ಮುಂದೆ ಹಾಕುವಾಗ ಇನ್ನೊಂದು ಹಿಡಿದಿರುತ್ತದೆ. ಒಂದೇ ಕೊಕ್ಕೆ ಇದ್ದರೆ ಜಾಗ ಬದಲಿಸುವ ಪ್ರತಿ ಸಲವೂ ಆಳು ಬರಿಗೈಯಲ್ಲಿ ನಿಂತಂತೆ.

ಹಾರ್ನೆಸ್ ಇದ್ದ ಮಾತ್ರಕ್ಕೆ ಬದುಕಿದ ಅಂತ ತಿಳಿಯಬೇಡಿ. ಲೆಕ್ಕ ಹಾಕಿ ನೋಡಿ. ಹಗ್ಗ 1.8 ಮೀಟರ್. ಬಿದ್ದಾಗ ಅಬ್ಸಾರ್ಬರ್ ಬಿಚ್ಚಿಕೊಂಡು ಸುಮಾರು 1.75 ಮೀಟರ್ ಉದ್ದವಾಗಬಹುದು. ಬೆನ್ನಿನ ಉಂಗುರದಿಂದ ಕಾಲಿನ ತನಕ ಒಂದೂವರೆ ಮೀಟರ್. ಕೆಳಗೆ ಒಂದು ಮೀಟರ್ ಉಳಿದಿರಬೇಕು. ಎಲ್ಲ ಕೂಡಿಸಿದರೆ ಕೊಕ್ಕೆ ಹಾಕಿದ ಜಾಗದಿಂದ ಕೆಳಗೆ ಹೆಚ್ಚುಕಡಿಮೆ ಆರು ಮೀಟರ್ ಖಾಲಿ ಬೇಕು. ನಿಮ್ಮ ಮೊದಲ ಸ್ಲ್ಯಾಬ್ ಇರುವುದು ಮೂರು ಮೀಟರ್ ಎತ್ತರದಲ್ಲಿ. ಅಲ್ಲಿ ಕಾಲ ಹತ್ತಿರ ಕೊಕ್ಕೆ ಹಾಕಿಕೊಂಡವನು ಹಗ್ಗ ಬಿಗಿಯಾಗುವ ಮೊದಲೇ ನೆಲ ಸೇರಿರುತ್ತಾನೆ. ಮೇಲಿನ ಅಂತಸ್ತಿನಲ್ಲೂ ನಡುವೆ ಛಜ್ಜಾ ಚಾಚಿಕೊಂಡಿರುತ್ತದೆ, ಅದಕ್ಕೆ ಬಡಿಯುತ್ತಾನೆ.

ಅದಕ್ಕೇ ನಿಮ್ಮಂಥ ಮೂರು ಅಂತಸ್ತಿನ ಕಟ್ಟಡಕ್ಕೆ ನನ್ನ ಸಲಹೆ ಬೇರೆ. ಮೊದಲು ಸ್ಲ್ಯಾಬಿನ ಅಂಚಿಗೆ ಸುಮಾರು ಒಂದು ಮೀಟರ್ ಎತ್ತರದ ಪೈಪ್ ಕಟಕಟೆ ಹಾಕಿಸಿ, ನಡುವೆ ಇನ್ನೊಂದು ಪೈಪ್, ಕೆಳಗೆ ಇಟ್ಟಿಗೆ ಚೂರು ಉರುಳದಂತೆ ಹಲಗೆ. ಲಿಫ್ಟಿಗೆಂದು ಬಿಟ್ಟ ತೆರವು, ಜಿನೆಯ ಪಕ್ಕ, ಪೈಪುಗಳ ಡಕ್ಟಿನ ಬಾಯಿ ಮುಚ್ಚಿಸಿ. ಹೊರಗೋಡೆ ಪ್ಲಾಸ್ಟರಿಗೆ ಗಟ್ಟಿ ಸ್ಕ್ಯಾಫೋಲ್ಡಿಂಗ್, ಪೂರ್ತಿ ಅಗಲಕ್ಕೆ ಹಲಗೆ. ಒಂದೇ ಹಲಗೆ ಮೇಲೆ ಗೌಂಡಿಯೂ ನಿಂತು, ಸಿಮೆಂಟ್ ಮಸಾಲೆ ಬುಟ್ಟಿಯೂ ಕೂತಿರುವುದನ್ನು ನಮ್ಮೂರಲ್ಲಿ ಬೇಕಾದಷ್ಟು ಕಡೆ ಕಾಣಬಹುದು. ಇದನ್ನೆಲ್ಲ ಮಾಡಿದ ಮೇಲೂ ಅಂಚಿಗೆ ಹೋಗಲೇಬೇಕಾದ ಕೆಲಸ ಉಳಿದರೆ, ಅಂಚು ದಾಟಲು ಬಿಡದಷ್ಟು ಗಿಡ್ಡ ಹಗ್ಗ ಕಟ್ಟಿಸಿ. ಬಿದ್ದ ಮೇಲೆ ಹಿಡಿಯುವುದಕ್ಕಿಂತ ಬೀಳದಂತೆ ತಡೆಯುವುದು ಅಗ್ಗವೂ ಹೌದು.

ಕೊಕ್ಕೆ ಎಲ್ಲಿ ಹಾಕಬೇಕು ಅನ್ನುವುದನ್ನು ಆಳಿಗೆ ಬಿಡಬೇಡಿ. ಕಿಟಕಿ ಗ್ರಿಲ್, ಸೆಂಟ್ರಿಂಗ್ ಪೈಪ್, ಪಿವಿಸಿ ಪೈಪ್, ಒಂಟಿ ಸರಳು, ಇವಕ್ಕೆ ಹಾಕಿದ್ದನ್ನು ನೋಡಿದ್ದೇನೆ. ಆ ಜಾಗ ಒಂದೂವರೆ ಟನ್ ಜಗ್ಗಿದರೂ ಅಲುಗಬಾರದು. ಕಾಂಕ್ರೀಟ್ ಗಟ್ಟಿಯಾದ ಕಂಬಕ್ಕೆ ಉಕ್ಕಿನ ಹಗ್ಗ ಸುತ್ತಿ, ಸಾಧ್ಯವಾದಷ್ಟು ತಲೆಗಿಂತ ಮೇಲೆ ಜಾಗ ಮಾಡಿಕೊಡಿ, ಬಣ್ಣ ಹಚ್ಚಿ ಗುರುತು ಮಾಡಿ. ಎಂಜಿನಿಯರ್ ಒಪ್ಪಿರಬೇಕು. ಇನ್ನೊಂದು ಮಾತು: ಬಿದ್ದು ಹಾರ್ನೆಸ್‌ನಲ್ಲಿ ನೇತಾಡುತ್ತಿರುವವನನ್ನು ನಿಮಿಷಗಳೊಳಗೆ ಇಳಿಸಬೇಕು. ತೊಡೆಯ ಪಟ್ಟಿ ರಕ್ತ ತಡೆದು ಎಚ್ಚರ ತಪ್ಪುತ್ತದೆ, ಜೀವಕ್ಕೂ ಅಪಾಯ. ಏಣಿ ಎಲ್ಲಿದೆ, ಯಾರು ಇಳಿಸುತ್ತಾರೆ ಎಂದು ಮೊದಲೇ ಗೊತ್ತಿರಬೇಕು. ಒಮ್ಮೆ ಬಿದ್ದು ಜಗ್ಗಿಸಿಕೊಂಡ ಹಾರ್ನೆಸ್ಸನ್ನು ಕತ್ತರಿಸಿ ಎಸೆಯಿರಿ. ಹೊಲಿಗೆ ಬಿಚ್ಚಿದ್ದು, ಬಿಸಿಲಿಗೆ ಮಾಸಿ ಬಿರುಸಾದದ್ದು, ವೆಲ್ಡಿಂಗ್ ಕಿಡಿ ತಾಗಿದ್ದು, ಅವೂ ಹಾಗೇ. ಸಿಮೆಂಟ್ ಚೀಲದ ಮೇಲೆ, ಡೀಸೆಲ್ ಡಬ್ಬಿ ಪಕ್ಕ ಇಡಬೇಡಿ, ಗೂಟಕ್ಕೆ ನೇತುಹಾಕಿ.

ಕಾಲಿಗೆ ಏನು ಕೊಟ್ಟಿದ್ದೀರಿ ಎಂದು ನೀವು ಬರೆದಿಲ್ಲ. ಬಹುಶಃ ಏನೂ ಇಲ್ಲ. ಹವಾಯಿ ಚಪ್ಪಲಿಯಲ್ಲಿ ಸೆಂಟ್ರಿಂಗ್ ಬಿಚ್ಚುವುದು ನಮ್ಮಲ್ಲಿ ಮಾಮೂಲಿ. ಬಿಚ್ಚಿ ಎಸೆದ ಹಲಗೆಯ ಮೊಳೆ ಮೇಲೆ ಕಾಲಿಟ್ಟರೆ ಒಂದು ವಾರ ಕೆಲಸ ಹೋಯಿತು. ಐಎಸ್ 15298 ಬೂಟು ಕೇಳಿ. ಮುಂದೆ ಉಕ್ಕಿನ ಟೊಪ್ಪಿಗೆ ಇದ್ದರೆ ಸಾಲದು, ಅಟ್ಟೆಯಲ್ಲಿ ಮೊಳೆ ತಡೆಯುವ ತಗಡು ಇರಬೇಕು. ಎಸ್1ಪಿ ಅಥವಾ ಎಸ್3 ಎಂದು ಬರೆದಿರುವುದು ಅಂಥದ್ದು. ಅಳತೆ ಬರೆದುಕೊಂಡು ತನ್ನಿ. ಎಲ್ಲರಿಗೂ ಎಂಟು, ಒಂಬತ್ತು ತಂದರೆ ಹೆಣ್ಣುಮಕ್ಕಳು ಹಾಕುವುದೇ ಇಲ್ಲ, ಅವರಿಗೆ ನಾಲ್ಕು, ಐದು ಬೇಕು.

ಕಾಂಕ್ರೀಟ್ ಹಾಕುವ ದಿನ ಆ ಬೂಟೂ ಬೇಡ, ಮೊಣಕಾಲ ತನಕದ ಗಮ್‌ಬೂಟು ಬೇಕು. ಹಸಿ ಸಿಮೆಂಟ್ ಸುಣ್ಣದಷ್ಟೇ ತೀಕ್ಷ್ಣ ಕ್ಷಾರ, ಚರ್ಮ ಸುಡುತ್ತದೆ. ಮೊದಲಿಗೆ ನೋವು ಗೊತ್ತಾಗುವುದಿಲ್ಲ, ಸಂಜೆ ಕಾಲು ತೊಳೆಯುವಾಗ ಗೊತ್ತಾಗುತ್ತದೆ. ಅದರಲ್ಲಿರುವ ಕ್ರೋಮಿಯಂನಿಂದ ಕೆಲವರಿಗೆ ತುರಿಕಜ್ಜಿಯಂಥ ಅಲರ್ಜಿ ಹತ್ತಿ ಬಿಡುವುದೇ ಇಲ್ಲ. ರಬ್ಬರ್ ಕೈಗವಸು ಕೊಡಿ, ಬಟ್ಟೆಯದು ಸಿಮೆಂಟ್ ನೀರು ಹೀರಿ ಇನ್ನೂ ಕೆಡುಕು. ಸರಳು ಕಟ್ಟುವವರಿಗೆ ಚರ್ಮದ್ದು ಸರಿ. ತಿರುಗುವ ಡ್ರಿಲ್, ಮಿಕ್ಸರ್ ಹತ್ತಿರ ಮಾತ್ರ ಸಡಿಲ ಗ್ಲೌಸ್ ಬೇಡ, ಎಳೆದುಕೊಳ್ಳುತ್ತದೆ.

ಗ್ರಾನೈಟ್, ಟೈಲ್ಸ್ ಕತ್ತರಿಸುವವರು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿರುತ್ತಾರೆ. ಕಣ್ಣಿಗೆ ಕಾಣುವ ಧೂಳು ಅದರಲ್ಲಿ ನಿಲ್ಲಬಹುದು. ಶ್ವಾಸಕೋಶದ ತಳಕ್ಕೆ ಹೋಗುವ ಸಿಲಿಕಾ ಎಂಬ ಕಲ್ಲಿನ ಸಣ್ಣ ಪುಡಿ ಕಾಣುವುದೇ ಇಲ್ಲ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆ ಅಲ್ಲ. ಕತ್ತರಿಸುವಾಗ ನೀರು ಬಿಡಲು ಒಬ್ಬನನ್ನು ಇಡಿ, ಧೂಳು ಅಲ್ಲೇ ಕೂರುತ್ತದೆ. ಅದರ ಮೇಲೆ ಐಎಸ್ 9473ರ ಎಫ್‌ಎಫ್‌ಪಿ2 ಮಾಸ್ಕ್. ಗ್ರೈಂಡರ್‌ನ ಗಾರ್ಡ್ ಬಿಚ್ಚಿದ್ದರೆ ಮತ್ತೆ ಹಾಕಿಸಿ, ಕಣ್ಣಿಗೆ ಕನ್ನಡಕ, ಮುಖಕ್ಕೆ ಶೀಲ್ಡ್. ವೆಲ್ಡರ್‌ಗೆ ಕೊಟ್ಟ ಶೀಲ್ಡ್ ಅವನ ಸಹಾಯಕನಿಗೂ ಬೇಕು, ಕಣ್ಣು ಅವನದೂ ಉರಿಯುತ್ತದೆ.

ಇಷ್ಟೆಲ್ಲ ಕೊಟ್ಟರೂ ಇವು ಮುಟ್ಟದ ಅಪಾಯಗಳಿವೆ. ಹುಬ್ಬಳ್ಳಿ, ಗದಗ ಕಡೆಯ ಎರಿ ಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. ಒಂದು ಮಳೆಯ ಮರುದಿನ ಪಾಯದ ಗುಂಡಿಗೆ ಇಳಿದವನ ಮೇಲೆ ಗೋಡೆಯೇ ಕುಸಿದರೆ ಹೆಲ್ಮೆಟ್ ಏನು ಮಾಡುತ್ತದೆ? ಒಂದೂವರೆ ಮೀಟರ್ ದಾಟಿದ ಗುಂಡಿಗೆ ಇಳಿಜಾರು ಕೊಡಿ ಅಥವಾ ಹಲಗೆ ಆಸರೆ ಕೊಡಿ, ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಹಾಕಿಸಿ. ಸೈಟ್ ಮುಂದೆ 11 ಕೆವಿ ಲೈನ್ ಇದ್ದರೆ ಸರಳು ಮೇಲೆತ್ತುವ ಮೊದಲು ಹೆಸ್ಕಾಂಗೆ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸಿ ಅಥವಾ ಅವರಿಂದಲೇ ಬೇರೆಡೆಗೆ ಹಾಕಿಸಿ. ತಾತ್ಕಾಲಿಕ ಕರೆಂಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್) ಹಾಕಿಸಿ, ಕಾಂಕ್ರೀಟ್ ಕೂರಿಸುವ ವೈಬ್ರೇಟರ್ ಹಿಡಿದವನ ಜೀವ ಅದರ ಮೇಲಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು 19 ಜನ ಸತ್ತರು. ಅಂಥ ಕಡೆ ತಲೆ ಮೇಲೆ ಏನಿದ್ದರೇನು? ಪರಿಶೀಲನೆಗೆ ಬಂದವರು ಹೆಲ್ಮೆಟ್ ಎಣಿಸಿ ಹೋದರೂ ನೀವು ಅಷ್ಟಕ್ಕೇ ನಿಲ್ಲಬೇಡಿ.

ಎಲ್ಲರೂ ಮರೆಯುವ ದಿನ ಒಂದಿದೆ: ಸ್ಲ್ಯಾಬ್ ದಿನ. ದಿನವಹಿ 22 ಜನಕ್ಕೆ 22 ಹೆಲ್ಮೆಟ್ ಇವೆ. ಆ ದಿನ ಮಿಕ್ಸರ್, ಲಿಫ್ಟ್ ಸಮೇತ ಬರುವ ಗ್ಯಾಂಗ್ ಬೇರೆ. ಬೆಳಿಗ್ಗೆ ಬಂದು ರಾತ್ರಿ ಹೋಗುವವರು, ಅವರಿಗೆ ಹೇಳಿಕೊಡುವವರು ಯಾರೂ ಇರುವುದಿಲ್ಲ. ಅಪಾಯ ಜಾಸ್ತಿ ಇರುವ ದಿನವೂ ಅದೇ. ಗ್ಯಾಂಗಿನ ಮುಂಗಡ ಕೊಡುವಾಗಲೇ ಎಷ್ಟು ಜನ ಎಂದು ಬರೆಸಿಕೊಂಡು ಅಷ್ಟು ಹೆಲ್ಮೆಟ್, ಗಮ್‌ಬೂಟು ಹೆಚ್ಚಿಗೆ ತರಿಸಿ. ಭಾನುವಾರ ಫ್ಲ್ಯಾಟ್ ನೋಡಲು ಬರುವ ಕುಟುಂಬಗಳಿಗೂ ನಾಲ್ಕೈದು ಇರಲಿ. ಅಂದ ಹಾಗೆ, ನೀವು ಮತ್ತು ನಿಮ್ಮ ಎಂಜಿನಿಯರ್ ಹಾಕುತ್ತೀರಾ? "ಸಾಹೇಬ್ರ ತಲಿ ಮ್ಯಾಲ ಇಲ್ಲ, ನಮಗ್ಯಾಕ್ರೀ" ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ.

ನೋಟಿಸ್‌ಗೆ ಉತ್ತರ ಬರೆಯುವಾಗ "ಕೊಟ್ಟಿದ್ದೇವೆ, ಅವರು ಹಾಕುತ್ತಿಲ್ಲ" ಎಂದು ಬರೆಯಬೇಡಿ. ಹಾಗೆ ಬರೆದರೆ ಉಸ್ತುವಾರಿ ಇಲ್ಲ ಎಂದು ನೀವೇ ಒಪ್ಪಿದಂತೆ. ಕೊಟ್ಟ ಗಡುವಿನೊಳಗೆ, ಏನೇನು ಸರಿಪಡಿಸಿದ್ದೀರಿ ಎಂದು ತಾರೀಖಿನ ಸಮೇತ ಬರೆಯಿರಿ. ಖರೀದಿ ಬಿಲ್, ಕಟಕಟೆಯ ಫೋಟೋ ಲಗತ್ತಿಸಿ. ಒಂದು ಪುಸ್ತಕ ಮಾಡಿ: ಹೆಸರು, ಕೆಲಸ, ಏನು ಕೊಟ್ಟದ್ದು, ಅಳತೆ, ಕೊಟ್ಟ ತಾರೀಖು, ಬದಲಿಸಿದ ತಾರೀಖು, ಸಹಿ ಅಥವಾ ಹೆಬ್ಬೆಟ್ಟು. ಹಾರ್ನೆಸ್‌ಗಳಿಗೆ ನಂಬರ್ ಹಾಕಿ, ಪರೀಕ್ಷೆ ಮಾಡಿದ್ದನ್ನು ಬೇರೆ ಪುಟದಲ್ಲಿ ಬರೆಯಿರಿ. ಬೆಳಿಗ್ಗೆ ಹಾಜರಿ ತಗೊಳ್ಳುವಾಗ ಹತ್ತು ನಿಮಿಷ ಆ ದಿನದ ಕೆಲಸದ ಅಪಾಯ ಹೇಳಿ. ಬಿಹಾರದವರು, ಒಡಿಶಾದವರು ಇದ್ದರೆ ಹಿಂದಿಯಲ್ಲೂ ಹೇಳಿಸಿ. ಮೇಸ್ತ್ರಿಯ ಜೊತೆಗಿನ ಕರಾರಿನಲ್ಲಿ, ಸಲಕರಣೆ ನಿಮ್ಮದು, ಹಾಕಿಸುವ ಹೊಣೆ ಅವನದು, ಹಾಕದವರನ್ನು ಆ ದಿನ ಮೇಲೆ ಹತ್ತಿಸುವಂತಿಲ್ಲ ಎಂದು ಬರೆಸಿ. ಹತ್ತಿಸದಿರುವುದು ದಂಡಕ್ಕಿಂತ ಬೇಗ ಕೆಲಸ ಮಾಡುತ್ತದೆ. ಜೊತೆಗೆ 18ರಿಂದ 60 ವಯಸ್ಸಿನೊಳಗೆ ಇದ್ದು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿ. ಅದಕ್ಕೆ ಬೇಕಾದ ಕೆಲಸದ ದೃಢೀಕರಣ ಕೊಡಬೇಕಾದವರು ನೀವೇ, ಅದನ್ನು ತಡಮಾಡಬೇಡಿ.